ಏಳು ಗಂಟೆಯ ಅಂಕಿ

ಪುಟ್ಟಮಾದಯ್ಯ ಎಂಬ ಮನುಷ್ಯನೇ ಇಲ್ಲ ಎಂಬ ಅನುಮಾನ ಮಡಿವಾಳಪ್ಪ ಕಬ್ಬೂರರಿಗೆ ಮೊದಲು ಬಂದದ್ದು ಜುಲೈ ತಿಂಗಳ ಒಂದು ಬೆಳಿಗ್ಗೆ, ಚಹಾದ ಎರಡನೇ ಗುಟುಕಿನಲ್ಲಿ.

ಊಟದ ಮೇಜಿನ ಮೇಲಿದ್ದ ಬಿಳಿ ಪೆಟ್ಟಿಗೆ ಎಂದಿನಂತೆ ಏಳು ಗಂಟೆಗೆ ಸರಿಯಾಗಿ ಬಾಯಿಬಿಟ್ಟಿತು. "ನಮಸ್ಕಾರ. ಇಂದಿನ ಅಂಕಿ. ಮಡಿವಾಳಪ್ಪ ಕಬ್ಬೂರ, ಆರು ಪಾಯಿಂಟ್ ಎರಡು. ಜೊತೆಗಾರ ಪುಟ್ಟಮಾದಯ್ಯ, ಸೊನ್ನೆ ಪಾಯಿಂಟ್ ಒಂಬತ್ತು. ಈಗ ನೀವಿಬ್ಬರೂ ಮಾತಾಡಬಹುದು."

"ಏನ್ ಸಾರ್, ಟೀ ಆಯ್ತಾ?" ಎಂದಿತು ಪೆಟ್ಟಿಗೆಯೊಳಗಿನ ಇನ್ನೊಂದು ದನಿ. "ಆರು ಅಂದ್ರೆ ಏನ್ ಮಹಾ ಬುಡಿ. ಇಳೀತದೆ. ನಂದು ಇಳೀತಿಲ್ವಾ?"

ಇಳಿಯುತ್ತಿತ್ತು, ನಿಜ. ಕಬ್ಬೂರರಿಗೆ ಅನುಮಾನ ಹುಟ್ಟಿಸಿದ್ದೇ ಅದು. ಎರಡು ತಿಂಗಳಿಂದ ತಮ್ಮ ಅಂಕಿ ವಾರವಾರಕ್ಕೂ ಏರುತ್ತಿದೆ, ಆತನದು ವಾರವಾರಕ್ಕೂ ಇಳಿಯುತ್ತಿದೆ. ಎಷ್ಟು ಅಚ್ಚುಕಟ್ಟಾಗಿ! ಕಾಯಿಲೆ ಬಿದ್ದವನಿಗೆ ಧೈರ್ಯ ತುಂಬಲು ಯಾರೋ ಕೂತು ಬರೆದ ಹಾಗೆ.

ಕಬ್ಬೂರರು ಹುಬ್ಬಳ್ಳಿಯಲ್ಲಿ ಮೂವತ್ತಾರು ವರ್ಷ ರೈಲ್ವೆ ಸಿಗ್ನಲ್ ವಿಭಾಗದಲ್ಲಿ ದುಡಿದು, ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಕ್ಯಾಬಿನ್ನಿನ ಪ್ಯಾನೆಲ್ ಮೇಲೆ ಹಸಿರು ದೀಪ ಹತ್ತಿದೆ ಎಂದರೆ ಅವರಿಗೆ ಸಾಲುತ್ತಿರಲಿಲ್ಲ. ಹಳಿಯ ಪಕ್ಕ ಒಂದು ಮೈಲಿ ನಡೆದು ಹೋಗಿ ಕಂಬದ ಮೇಲಿನ ದೀಪವನ್ನೇ ಕಣ್ಣಾರೆ ನೋಡಿ ಬರಬೇಕು. ಯಾರಾದರೂ 'ಎಲ್ಲಾ ಸರಿ ಐತ್ರಿ ಸರ್' ಎಂದರೆ ಅವರ ಎದೆಯಲ್ಲಿ ಮೊದಲು ಏಳುತ್ತಿದ್ದುದೇ ಸಂಶಯ. "ದೇವರು ಬಂದು ಎದುರಿಗೆ ನಿಂತರೂ ನೀವು ಗುರುತಿನ ಚೀಟಿ ಕೇಳವ್ರು" ಎಂದು ಹೆಂಡತಿ ಸುಲೋಚನಾ ಆಡಿಕೊಳ್ಳುತ್ತಿದ್ದರು.

ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ ಎಂದು ಗೊತ್ತಾದದ್ದು ನಿವೃತ್ತಿಯಾದ ನಾಲ್ಕನೇ ವರ್ಷ. ಪೂರಾ ಗುಣವಾಗುವ ಹಂತ ದಾಟಿದೆ, ಆದರೆ ಹಿಡಿದಿಟ್ಟುಕೊಂಡು ಬಹಳ ವರ್ಷ ಬಾಳಬಹುದು ಎಂದಿದ್ದರು ಡಾಕ್ಟರು. ಹಿಡಿದಿಡಲು ಆ ಹೊತ್ತಿಗೆ ಹೊಸ ಏರ್ಪಾಡೊಂದು ಬಂದಿತ್ತು. ಅಕ್ಕಿಕಾಳಿನಷ್ಟು ಸಣ್ಣ ಅಳತೆಯ ಸಾಧನವನ್ನು ತೊಡೆಯ ಸಂದಿಯ ಚರ್ಮದ ಕೆಳಗೆ ಕೂರಿಸುತ್ತಿದ್ದರು. ಜನ ಅದನ್ನು ಕಾಳು ಎಂದೇ ಕರೆಯುತ್ತಿದ್ದರು. ಗ್ರಂಥಿಯಿಂದ ರಕ್ತಕ್ಕೆ ಸೋರುವ ಒಂದು ಬಗೆಯ ಪ್ರೋಟೀನನ್ನು ಕಾಳು ದಿನಾಲೂ ಅಳೆದು ಮನೆಯ ಪೆಟ್ಟಿಗೆಗೆ ತಿಳಿಸುತ್ತಿತ್ತು. ಪೆಟ್ಟಿಗೆ ಅದನ್ನು ನಿಗಾ ಕೇಂದ್ರಕ್ಕೆ ಮುಟ್ಟಿಸುತ್ತಿತ್ತು. ಅಂಕಿ ಏರಿದರೆ, ರಟ್ಟೆಯ ಮೇಲೆ ಅಂಟಿಸಿದ ಪಟ್ಟಿಯಿಂದ ಔಷಧ ತಾನಾಗಿಯೇ ಹೆಚ್ಚು ಇಳಿಯುತ್ತಿತ್ತು. ಅಂಕಿ ತಗ್ಗಿದರೆ ಔಷಧವೂ ತಗ್ಗುತ್ತಿತ್ತು. ಗಂಡಸುತನದ ರಸವನ್ನೇ ಬತ್ತಿಸುವ ಔಷಧ ಅದು. ಕ್ಯಾನ್ಸರು ಅದನ್ನೇ ಉಂಡು ಬೆಳೆಯುತ್ತದಂತೆ.

ಕಾಳಿನ ಜೊತೆಗೆ ಬಂದದ್ದು ಜೋಡಿ. ಒಂದೇ ಹಂತದ ಕಾಯಿಲೆ, ಹತ್ತಿರ ಹತ್ತಿರದ ಅಂಕಿ ಇರುವ ಇಬ್ಬರನ್ನು ಕೇಂದ್ರದವರು ಜೋಡಿಸುತ್ತಿದ್ದರು. ಬೆಳಿಗ್ಗೆ ಇಬ್ಬರ ಅಂಕಿಯೂ ಇಬ್ಬರಿಗೂ ಕೇಳಿಸುತ್ತಿತ್ತು. ಆಮೇಲೆ ಕಾಲು ಗಂಟೆ ಮಾತು. ಒಂಟಿಯಾಗಿ ಕೊರಗುವವರಿಗಿಂತ ಮಾತಿಗೊಬ್ಬರು ಇದ್ದವರು ಚಿಕಿತ್ಸೆಯನ್ನು ನಡುವೆ ಬಿಡುವುದು ಕಡಿಮೆ ಎಂದು ಅವರ ಲೆಕ್ಕಾಚಾರ. ಆದರೆ ಮುಖ ಕಾಣಿಸುತ್ತಿರಲಿಲ್ಲ. ವಿಳಾಸ ಹೇಳುವಂತಿರಲಿಲ್ಲ. ಊರಿನ ಹೆಸರು ಬಾಯಿಗೆ ಬಂದರೆ ಸಾಕು, ಪೆಟ್ಟಿಗೆ ಆ ಒಂದು ಕ್ಷಣ ಮೂಕವಾಗುತ್ತಿತ್ತು.

ಆ ದನಿ ಹೇಳಿಕೊಂಡಂತೆ ಆತ ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರಾಗಿದ್ದವನು, ಹೆಂಡತಿ ತೀರಿಕೊಂಡವನು, ಹಿಟ್ಟಿನ ಗಿರಣಿ ನಡೆಸುವ ತಮ್ಮನ ಮನೆಯಲ್ಲಿ ಇರುವವನು. ಸನ್ಮಾನ ಸಮಾರಂಭವೊಂದರಲ್ಲಿ ವೇದಿಕೆಯ ಮೇಲೆ ಕೂತಿದ್ದಾಗ ಪಂಚೆ ಒದ್ದೆಯಾಗಿ, ಏಳಲಾಗದೆ, ಕೊನೆಗೆ ಕೈತಪ್ಪಿದವನಂತೆ ನೀರಿನ ಲೋಟವನ್ನೇ ತೊಡೆಯ ಮೇಲೆ ಚೆಲ್ಲಿಕೊಂಡ ಕಥೆಯನ್ನು ಆತ ಫೆಬ್ರವರಿಯಲ್ಲಿ ಹೇಳಿದ್ದ. "ಎಲ್ರೂ ಅಯ್ಯೋ ಪಾಪ ಅಂತ ಟವಲ್ ತಂದ್ರು ಸಾರ್! ಹೂವಿನ ಹಾರಕ್ಕಿಂತ ಆ ಟವಲ್ಲೇ ದೊಡ್ಡ ಸನ್ಮಾನ." ಕಬ್ಬೂರರು ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದರು. ಮದುವೆ ಮನೆಗಳಿಗೆ ತಾವು ಯಾಕೆ ಹೋಗುವುದಿಲ್ಲ ಎಂಬುದನ್ನು ಹೆಂಡತಿಗೂ ಬಿಡಿಸಿ ಹೇಳದವರು ಅವತ್ತು ಆ ಪೆಟ್ಟಿಗೆಗೆ ಹೇಳಿದ್ದರು.

ಈಗ ಅದನ್ನು ನೆನೆದು ಚಹಾದ ಲೋಟ ಕೆಳಗಿಟ್ಟರು. ಯಂತ್ರಕ್ಕೆ ಹೇಳಿಬಿಟ್ಟೆನೇ? ಕೆಮ್ಮುವ, ನಗುವ, ತಡವರಿಸುವ ದನಿಗಳನ್ನು ಯಂತ್ರಗಳು ಈಗ ಸಲೀಸಾಗಿ ಹುಟ್ಟಿಸುತ್ತವೆ.

ಅಂದಿನಿಂದ ಅವರು ಆ ದನಿ ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದರು. ಎಲ್ಲಾದರೂ ಒಂದು ಕಡೆ ತಪ್ಪಿ ಬಿದ್ದೇ ಬೀಳುತ್ತದೆ ಎಂದು.

*

ನಿಗಾ ಕೇಂದ್ರ ಇದ್ದದ್ದು ಧಾರವಾಡದ ದಾರಿಯಲ್ಲಿ. ಆಗಸ್ಟಿನಲ್ಲಿ ಅಂಕಿ ಒಂಬತ್ತು ದಾಟಿದಾಗ ಕಬ್ಬೂರರು ಯಾರಿಗೂ ಹೇಳದೆ ಬಸ್ಸು ಹತ್ತಿ ಅಲ್ಲಿಗೆ ಹೋದರು.

ದೊಡ್ಡ ಹಾಲ್. ಗೋಡೆಯುದ್ದಕ್ಕೂ ಪರದೆ. ಪರದೆಯ ಮೇಲೆ ಸಾವಿರಾರು ಚುಕ್ಕಿಗಳು, ಎರಡೆರಡಾಗಿ ಸಣ್ಣ ಗೆರೆಯಿಂದ ಜೋಡಿಸಿದವು. ಅವರಿಗೆ ತಕ್ಷಣ ನೆನಪಾದದ್ದು ತಮ್ಮ ಹಳೆಯ ಕಂಟ್ರೋಲ್ ರೂಮು. ಪಾಳಿಯ ಅಧಿಕಾರಿ ತಸ್ನೀಮ್ ನದಾಫ, ಐವತ್ತರ ಆಸುಪಾಸಿನ ಹೆಂಗಸು, ಕುರ್ಚಿ ಕೊಟ್ಟು ಕೂರಿಸಿದರು.

"ನಿಮ್ಮ ಪಟ್ಟಿಯಿಂದ ಔಷಧ ಹೆಚ್ಚಿಗಿ ಹೊಂಟೈತ್ರಿ ಕಾಕಾ. ಗಾಬರಿ ಆಗಬ್ಯಾಡ್ರಿ."

"ನಾ ಅದನ್ನ ಕೇಳಾಕ ಬಂದಿಲ್ರಿ. ಆ ಪುಟ್ಟಮಾದಯ್ಯ ಅನ್ನಾವ ಖರೇ ಅದಾನೋ, ನೀವ ಮಾಡಿ ಇಟ್ಟೀರೋ?"

ತಸ್ನೀಮ್ ನಗಲಿಲ್ಲ. ಅದು ಅವರಿಗೆ ಹೊಸ ಪ್ರಶ್ನೆಯಲ್ಲ ಎಂದು ತೋರಿತು. "ಖರೇ ಮನುಷ್ಯಾ ಅದಾರ್ರಿ."

"ಹಂಗಾರ ಊರು ಹೇಳ್ರಿ."

"ಅದನ್ನ ಹೇಳಾಕ ನಮಗ ಬರಂಗಿಲ್ಲ. ನಿಮ್ಮ ಊರು ಅವರಿಗೂ ಹೇಳಂಗಿಲ್ಲ."

"ಹೇಳದಿದ್ರ ನಂಬೂದು ಹೆಂಗ?"

"ಕಾಕಾ, ಆರು ತಿಂಗಳಿಂದ ದಿನಾ ಮಾತಾಡೀರಲ್ಲ. ನಿಮಗ ಏನನ್ನಸ್ತೈತಿ?"

ಏನನ್ನಿಸುತ್ತದೆ ಎಂಬುದರ ಮೇಲೆ ಕಬ್ಬೂರರು ಒಂದು ರೈಲನ್ನೂ ಬಿಟ್ಟವರಲ್ಲ. ಎದ್ದು ಬಂದರು.

ಮನೆಯಲ್ಲಿ ಇನ್ನೊಂದು ಅನುಮಾನ ಕಾದಿತ್ತು. ಹಿತ್ತಲಲ್ಲಿ ಸುಲೋಚನಾ ಫೋನು ಹಿಡಿದು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. "ಇಲ್ರಿ, ನಾ ನೋಡೀನಿ ಅನ್ನೂದು ಅವರಿಗೆ ಗೊತ್ತಿಲ್ಲ. ನೀವೂ ಹೇಳಬ್ಯಾಡ್ರಿ." ಗಂಡನನ್ನು ಕಂಡದ್ದೇ ಫೋನು ಸೆರಗಿನೊಳಗೆ ಹೋಯಿತು.

ಏನು ನೋಡಿದ್ದಾಳೆ? ವರದಿಯನ್ನೇ? ಒಂಬತ್ತು ಎಂಬುದೇ ತಗ್ಗಿಸಿ ಹೇಳಿದ ಅಂಕಿಯೇ? ನಿಜವಾದದ್ದು ಇಪ್ಪತ್ತೋ, ಐವತ್ತೋ?

ಆ ತಿಂಗಳು ಅವರ ದೇಹ ಅವರ ಮಾತು ಕೇಳದಾಯಿತು. ಕೂತಲ್ಲೇ ಮೈ ಬೆಂಕಿಯಂತೆ ಬಿಸಿಯೇರಿ ಬನಿಯನ್ ಹಿಂಡುವಷ್ಟು ಬೆವರುತ್ತಿತ್ತು. ಎದೆ ಮುಟ್ಟಿದರೆ ನೋಯುತ್ತಿತ್ತು. ಪೇಪರಿನಲ್ಲಿ ಯಾರದೋ ಮಗು ಕಳೆದುಹೋದ ಸುದ್ದಿ ಓದಿ ಬಚ್ಚಲಿಗೆ ಹೋಗಿ ಅತ್ತು ಬಂದರು. ಆದರೆ ವಿಚಿತ್ರವೆಂದರೆ ಕಾಯಿಲೆಯ ನೋವು ಮಾತ್ರ ಎಲ್ಲೂ ಇರಲಿಲ್ಲ. ಮೂತ್ರ ಸಲೀಸಾಗಿತ್ತು. ಹೊಟ್ಟೆ ಹಸಿಯುತ್ತಿತ್ತು. ಒಂಬತ್ತು ದಾಟಿದ ಮನುಷ್ಯ ಹೀಗಿರುತ್ತಾನೆಯೇ?

ಪೆಟ್ಟಿಗೆಯೊಳಗಿನ ದನಿಯೋ, ಸೊನ್ನೆ ಪಾಯಿಂಟ್ ನಾಲ್ಕಕ್ಕೆ ಇಳಿದು ಹಬ್ಬ ಮಾಡುತ್ತಿತ್ತು. "ಬೀದಿಗೆಲ್ಲ ಬರ್ಫಿ ಹಂಚ್ಬುಟ್ಟೆ ಸಾರ್! ಸೊಂಟ ಒಸಿ ಹಿಡ್ಕೊಂಡದೆ ಅಷ್ಟೇಯ. ವಾಲಿಬಾಲ್ ಆಡ್ಸಿ ಆಡ್ಸಿ ಸವೆದ ಸೊಂಟ ಅಲ್ವಾ?" ಒಂದು ವಾರದ ನಂತರ: "ಮೆಟ್ಲು ಹತ್ತಕ್ಕಾಯ್ತಿಲ್ಲ ಸಾರ್." ಇನ್ನೊಂದು ವಾರಕ್ಕೆ: "ಕೂತ್ರೆ ಏಳಾಕೆ ತಮ್ಮ ಬರ್ಬೇಕು."

ಕಬ್ಬೂರರು ಎಲ್ಲವನ್ನೂ ಬರೆದುಕೊಂಡರು. ಬರೆದದ್ದನ್ನು ಓದುತ್ತ ಹೋದಂತೆ ಅವರ ಸಂಶಯ ಬೇರೆ ಕಡೆ ತಿರುಗಿತು. ನನ್ನನ್ನು ನಗಿಸಲು ಕಟ್ಟಿದ ಯಂತ್ರವಾದರೆ ಸೊಂಟನೋವು ಯಾಕೆ ಹೇಳುತ್ತದೆ? ದನಿ ನಿಜವಿರಬಹುದು. ಹಾಗಾದರೆ ಸುಳ್ಳಾಡುತ್ತಿರುವುದು ಅಂಕಿಯೇ?

*

ಕಾಳು ಹಾಕಿದ ದಿನ ಕೊಟ್ಟ ಸೂಚನೆಗಳ ಹಾಳೆಯಲ್ಲಿ ಏಳನೆಯ ಸಾಲು ಹೀಗಿತ್ತು: ಸೈಕಲ್ ತುಳಿಯಬಾರದು, ಗ್ರಂಥಿಯ ಮೇಲೆ ಒತ್ತಡ ಬಿದ್ದು ಒಂದೆರಡು ದಿನ ಅಂಕಿ ಸುಳ್ಳೇ ಏರಬಹುದು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಕಬ್ಬೂರರು ಪಕ್ಕದ ಮನೆಯ ಸೈಕಲ್ ಕೇಳಿ ತಂದು ಕೇಶ್ವಾಪುರದಿಂದ ಉಣಕಲ್ ಕೆರೆಯವರೆಗೆ ತುಳಿದರು. ಹಿಂದಿರುಗಿ ಬರುವಾಗ ಗುಂಡಿ ಬಿದ್ದ ದಾರಿಯನ್ನೇ ಹುಡುಕಿ ಹಿಡಿದರು. ಅಂಕಿ ಏರಿದರೆ ಕಾಳು ತಮ್ಮನ್ನೇ ಅಳೆಯುತ್ತಿದೆ ಎಂದರ್ಥ. ಏರದಿದ್ದರೆ ಕೇಂದ್ರದವರು ಬಾಯಿಗೆ ಬಂದದ್ದು ಹೇಳುತ್ತಿದ್ದಾರೆ.

ಮರುದಿನ ಏಳು ಗಂಟೆ. "ಮಡಿವಾಳಪ್ಪ ಕಬ್ಬೂರ, ಹನ್ನೊಂದು ಪಾಯಿಂಟ್ ಎಂಟು." ನಿನ್ನೆಯೂ ಅಷ್ಟೇ ಇತ್ತು. "ಸಿಕ್ಕಿಬಿದ್ರು!" ಎಂದು ಅವರು ಮೇಜು ಗುದ್ದಿದರು. ಅಷ್ಟರಲ್ಲಿ ಪೆಟ್ಟಿಗೆ ಮುಂದುವರಿಸಿತು. "ಜೊತೆಗಾರ ಪುಟ್ಟಮಾದಯ್ಯ, ಸೊನ್ನೆ ಪಾಯಿಂಟ್ ಎಂಟು."

ನಿನ್ನೆ ಸೊನ್ನೆ ಪಾಯಿಂಟ್ ಮೂರು ಇತ್ತು.

"ಏನ್ರಿ ಮೇಷ್ಟ್ರ, ನಿನ್ನಿ ಏನ್ ಮಾಡಿದ್ರಿ? ಎಲ್ಲೆರ ಗಾಡಿ ಮ್ಯಾಲೆ ಹೋಗಿದ್ರೇನು?"

"ಎಲ್ ಹೋಗ್ಲಿ ಸಾರ್. ಸೊಂಟ ಅಂತ ಹಾಸಿಗೇಲೇ ಇವ್ನಿ."

ಕಬ್ಬೂರರು ಮಾತು ಬೇಗ ಮುಗಿಸಿದರು. ನಾಲ್ಕು ದಿನ ಕಾದರು. ಪುಟ್ಟಮಾದಯ್ಯನ ಅಂಕಿ ಮತ್ತೆ ಸೊನ್ನೆ ಪಾಯಿಂಟ್ ಮೂರಕ್ಕೆ ನಿಂತಿತು. ಐದನೇ ದಿನ ಮತ್ತೆ ಸೈಕಲ್ ತುಳಿದರು. ಆರನೇ ಬೆಳಿಗ್ಗೆ ತಮ್ಮದು ಅಲುಗಲಿಲ್ಲ. ಆತನದು ಸೊನ್ನೆ ಪಾಯಿಂಟ್ ಒಂಬತ್ತು.

ನೌಕರಿಯ ಮೊದಲ ವರ್ಷಗಳಲ್ಲಿ ಒಮ್ಮೆ ಇಂಥದ್ದನ್ನು ಅವರು ಕಂಡಿದ್ದರು. ಒಂದನೇ ಲೈನಿನ ಲಿವರ್ ಎಳೆದರೆ ಎರಡನೇ ಲೈನಿನ ಸಿಗ್ನಲ್ ಬೀಳುತ್ತಿತ್ತು. ಎರಡು ತಂತಿ ಅದಲುಬದಲಾಗಿದ್ದವು, ಅಷ್ಟೇ. ಮೇ ತಿಂಗಳ ಸಿಡಿಲಿಗೆ ಮನೆಯ ಪೆಟ್ಟಿಗೆ ಸುಟ್ಟು, ಕೇಂದ್ರದವರು ಹೊಸದನ್ನು ತಂದಿಟ್ಟಿದ್ದರು. ಆಗ ಇಬ್ಬರದೂ ಎರಡರ ಆಸುಪಾಸಿನಲ್ಲಿತ್ತು. ಹಾಗಾಗಿ ಬದಲಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಹಾಗಾದರೆ ಸೊನ್ನೆ ಪಾಯಿಂಟ್ ಮೂರು ನನ್ನದು!

ಅವರು ಅಡುಗೆಮನೆಗೆ ಹೋಗಿ, ಕೂತು, ಮೂರು ರೊಟ್ಟಿ ತಿಂದರು. ಸುಲೋಚನಾ ಬೆರಗಾಗಿ ನೋಡಿದರು. "ಏನ್ರೀ, ನಿಮ್ಮಷ್ಟಕ ನೀವ ನಗಾಕತ್ತೀರಿ?"

ಅವರು ಏನೂ ಹೇಳಲಿಲ್ಲ. ಇಡೀ ದಿನ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಪುಟ್ಟಮಾದಯ್ಯ, "ಸಾರ್, ನಿಮ್ ಹನ್ನೊಂದೂ ಇಳೀತದೆ, ನಾ ಮಾದಪ್ಪಂಗೆ ಹೇಳ್ಕೊಂಡಿವ್ನಿ" ಎಂದಾಗಲೂ ಹೂಂ ಎಂದು ಸುಮ್ಮನಿದ್ದರು. ಪೆಟ್ಟಿಗೆ ಆರಿದ ಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಗ ಹೆಂಡತಿಯನ್ನು ಕರೆದು ಎಲ್ಲ ಹೇಳಿದರು.

ಸುಲೋಚನಾ ಸಂತೋಷದಿಂದ ಕೈ ಜೋಡಿಸಿದವರು ಹಾಗೇ ನಿಂತರು. "ಹಂಗಾರ ಹನ್ನೊಂದು ಆ ಮನುಷ್ಯಾಂದೇನ್ರಿ?"

"ಹೂಂ."

"ಅವಂಗ ಗೊತ್ತಿಲ್ಲ?"

"ಬೀದಿಗೆಲ್ಲ ಬರ್ಫಿ ಹಂಚ್ಯಾನ."

"ನಿಮಗ ನಿನ್ನೀನ ಗೊತ್ತಾಗಿತ್ತು." ಅದು ಪ್ರಶ್ನೆಯಾಗಿರಲಿಲ್ಲ.

ಕಬ್ಬೂರರು ತಲೆಯೆತ್ತಲಿಲ್ಲ. ಮಾತು ತಿರುಗಿಸಲೆಂಬಂತೆ, "ನೀ ಹಿತ್ತಲದಾಗ ಫೋನಿನ್ಯಾಗ ಏನ್ ಮುಚ್ಚಿಡಾಕತ್ತಿದ್ದಿ?" ಎಂದರು.

"ನೀವು ಬಚ್ಚಲದಾಗ ಅಳೂದನ್ನ ನೋಡಿದ್ದೆ. ಕೇಂದ್ರದ ಡಾಕ್ಟರಗ ಕೇಳಿದೆ. ಔಷಧ ಹೆಚ್ಚಾಗಿ ಹಂಗ ಆಗ್ತೈತಿ ಅಂದ್ರು. ಹೆಂಡ್ತಿ ನೋಡ್ಯಾಳ ಅಂತ ಗೊತ್ತಾದ್ರ ಇನ್ನೂ ಕುಗ್ತೀರಿ ಅಂತ ಸುಮ್ನಿದ್ದೆ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನಡ್ರಿ, ಅಂಗಿ ಹಾಕ್ಕೋರಿ. ಕೇಂದ್ರಕ್ಕ ಹೋಗೂಣು."

*

ತಸ್ನೀಮ್ ನದಾಫ ಮೊದಲು ಹೇಳಬೇಕಾದದ್ದನ್ನೇ ಹೇಳಿದರು. ಪ್ರತಿ ಕಾಳಿಗೂ ಬೇರೆ ನಂಬರಿದೆ, ತಪ್ಪಾಗಲು ಸಾಧ್ಯವಿಲ್ಲ. ಕಬ್ಬೂರರು ನೋಟ್‌ಬುಕ್ ತೆರೆದು ಸೈಕಲ್ ತುಳಿದ ದಿನಗಳನ್ನು ತೋರಿಸಿದರು. ಆಕೆ ಎರಡು ಸಲ ಓದಿದರು. ತಮ್ಮ ಪರದೆಯ ಮುಂದೆ ಕೂತು ಮೇ ತಿಂಗಳ ದಾಖಲೆ ತೆಗೆದರು. ಬಹಳ ಹೊತ್ತಿನ ಮೇಲೆ ಕನ್ನಡಕ ತೆಗೆದಿಟ್ಟರು.

"ಪೆಟ್ಟಿಗಿ ಬದಲಿ ಮಾಡಿದಾಗ ಜೋಡಿ ಹೆಸರು ಮತ್ತೊಮ್ಮೆ ಬರಸಬೇಕಾಗಿತ್ತು ಕಾಕಾ. ಬರಸುವಾಗ ಹಿಂದ ಮುಂದ ಆಗೇತಿ." ಆಕೆಯ ದನಿ ಸಣ್ಣದಾಯಿತು. "ಬರೇ ಅಂಕಿ ಅಲ್ಲ. ಔಷಧಾನೂ."

ಕಬ್ಬೂರರಿಗೆ ಅದು ಹೊಳೆದಿರಲೇ ಇಲ್ಲ. ಆಕೆ ಬಿಡಿಸಿ ಹೇಳಿದರು. ಪುಟ್ಟಮಾದಯ್ಯನ ಅಂಕಿ ಏರಿದಾಗಲೆಲ್ಲ ಔಷಧ ಹೆಚ್ಚಾದದ್ದು ಕಬ್ಬೂರರ ರಟ್ಟೆಯಲ್ಲಿ. ಅದರಿಂದ ಕಬ್ಬೂರರ ಅಂಕಿ ಇಳಿದಾಗಲೆಲ್ಲ ಔಷಧ ಕಡಿಮೆಯಾದದ್ದು ಪುಟ್ಟಮಾದಯ್ಯನಿಗೆ. ಕಡಿಮೆಯಾದದ್ದರಿಂದ ಆತನ ಕಾಯಿಲೆ ಇನ್ನಷ್ಟು ಏರಿತು, ಇವರಿಗೆ ಔಷಧ ಇನ್ನಷ್ಟು ಹೆಚ್ಚಿತು. ನಾಲ್ಕು ತಿಂಗಳಿಂದ ಒಬ್ಬನ ಪಾಲಿನದು ಇನ್ನೊಬ್ಬನ ಮೈಗೆ ಹರಿಯುತ್ತಲೇ ಇತ್ತು.

"ನನಗ ಆರಾಮ ಆಗಿದ್ದು ಅವನ ಔಷಧದಿಂದ?"

ತಸ್ನೀಮ್ ಪರದೆಯ ಕಡೆಗೆ ತಿರುಗಿದರು. ಆಕೆ ಅಲ್ಲೇ ಎರಡು ಹೆಸರುಗಳನ್ನು ಸರಿಪಡಿಸಿದರು. ತನಿಖೆ ಮುಗಿಯುವವರೆಗೆ ಬೆಳಗಿನ ಅಂಕಿಯೂ ಜೋಡಿಯ ಮಾತುಕತೆಯೂ ನಿಲ್ಲುತ್ತವೆ ಎಂದರು. ಪುಟ್ಟಮಾದಯ್ಯನವರಿಗೆ ಪತ್ರ ಹೋಗುತ್ತದೆ ಎಂದರು.

"ಪತ್ರದಾಗ ಏನ್ ಬರೀತೀರಿ?"

"ತಾಂತ್ರಿಕ ಕಾರಣದಿಂದ ಅಂಕಿಯೊಳಗ ವ್ಯತ್ಯಾಸ ಆಗೇತಿ, ಆಸ್ಪತ್ರಿಗೆ ಬಂದು ತೋರಸ್ರಿ ಅಂತ."

"ಬರ್ಫಿ ಹಂಚಿದಾವ ಆ ಪತ್ರ ನಂಬ್ತಾನೇನ್ರಿ? ನಾ ಆಗಿದ್ರ ನಂಬ್ತಿದ್ದಿಲ್ಲ." ಕಬ್ಬೂರರು ಎದ್ದರು. "ವಿಳಾಸ ಕೊಡ್ರಿ."

"ಕೊಡಾಕ ಬರಂಗಿಲ್ಲ ಕಾಕಾ. ನನ್ನ ಕೆಲಸಾನ ಹೊಕ್ಕೈತಿ."

"ಬ್ಯಾಡ ಬಿಡ್ರಿ. ನಾ ಹುಡುಕ್ತೇನಿ."

ಹುಡುಕುವುದು ಕಷ್ಟವಾಗಲಿಲ್ಲ. ಸುಳ್ಳು ಹಿಡಿಯಲೆಂದು ಬರೆದಿಟ್ಟ ಪುಟಗಳಲ್ಲೇ ಎಲ್ಲ ಇತ್ತು. ರೇಷ್ಮೆಗೂಡಿನ ಮಾರುಕಟ್ಟೆ. ಮನೆಯ ಮುಂದೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಜನ. ಹೈಸ್ಕೂಲು ಮೈದಾನದ ಎದುರಿಗೆ ಹಿಟ್ಟಿನ ಗಿರಣಿ. ಇಷ್ಟೂ ಒಂದೇ ಕಡೆ ಇರುವ ಊರು ಕೊಳ್ಳೇಗಾಲವೇ ಇರಬೇಕು. ಅವರು ಸುಲೋಚನಾರನ್ನು ಕರೆದುಕೊಂಡು ರೈಲಿನಲ್ಲಿ ಮೈಸೂರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಕೊಳ್ಳೇಗಾಲದಲ್ಲಿ ಇಳಿದಾಗ ಮರುದಿನ ಬೆಳಿಗ್ಗೆ ಹತ್ತೂವರೆ. ಮೂರನೇ ಗಿರಣಿಯಲ್ಲಿ, ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡಿದ್ದ ಮನುಷ್ಯನೊಬ್ಬ, "ನಮ್ಮಣ್ಣನ್ನಾ? ಒಳಗವ್ನೆ ಬನ್ನಿ" ಎಂದ.

ಒಳಗೆ ಮಂಚದ ಮೇಲೆ ಎತ್ತರದ, ಒಣಗಿದ ಮನುಷ್ಯನೊಬ್ಬ ಒಂದು ಮಗ್ಗುಲಿಗೆ ಓರೆಯಾಗಿ ಕೂತಿದ್ದ. ಕಬ್ಬೂರರು ಬಾಗಿಲಲ್ಲೇ ನಿಂತು, "ಮೇಷ್ಟ್ರ, ಚಾ ಆತೇನ್ರಿ?" ಎಂದರು.

ಆತನ ಬಾಯಿ ತೆರೆದೇ ಉಳಿಯಿತು. "ಕಬ್ಬೂರ್ ಸಾರ್?" ಆಮೇಲೆ ಮೇಷ್ಟ್ರು ಗೊಳ್ಳೆಂದು ನಕ್ಕರು. "ಅಯ್ಯೋ ಸಿವ್ನೆ! ನೀವು ಮಿಷನ್ನು ಅಂತ್ಲೇ ಅಂದ್ಕೊಂಡಿದ್ದೆ ಕಣಿ ಸಾರ್! ದಿನಾ ಅಷ್ಟೊಂದ್ ಪ್ರಶ್ನೆ ಯಾವ್ ಮನುಸ್ಯ ಕೇಳ್ತಾನೆ?"

ಸುಲೋಚನಾ ಕೂಡ ನಕ್ಕರು. ಕಾಫಿ ಬಂತು. ಕಬ್ಬೂರರು ಕಾಫಿ ಮುಗಿಸಿದರು. ಆಮೇಲೆ ಒಂದೂ ಬಿಡದೆ ಹೇಳಿದರು. ಸೈಕಲ್, ಪೆಟ್ಟಿಗೆ, ಔಷಧ, ತಾವು ಸುಮ್ಮನಿದ್ದ ಒಂದು ದಿನ ಕೂಡ.

ಪುಟ್ಟಮಾದಯ್ಯ ಕಬ್ಬೂರರ ಮುಖವನ್ನೇ ನೋಡಿದರು. ನಗು ಮೆಲ್ಲಗೆ ಸೋರಿಹೋಯಿತು. "ಅಂದ್ರೆ ಹನ್ನೊಂದು ನಂದು, ಸೊನ್ನೆ ನಿಮ್ದು."

"ಹೌದ್ರಿ."

"ಚೆಂದಾಗದೆ ಸಾರ್. ಏಳ್ನೂರು ಮೈಲಿ ಬಂದು ನಿಮ್ ಕಾಯ್ಲೆ ನನ್ ಮನೇಲಿ ಇಳಿಸಿ ಹೋಯ್ತೀನಿ ಅಂತೀರಿ. ನಾ ಯಾಕ್ ನಂಬ್ಲಿ? ಸೊನ್ನೆ ಬೇಕಾಗಿರೋದು ನಿಮ್ಗೆ. ನಿಮ್ ನೋಟ್‌ಬುಕ್ಕು, ನಿಮ್ ಸೈಕಲ್ಲು, ನಿಮ್ ಮಾತು."

ಏಳ್ನೂರು ಮೈಲಿ ಇರಲಿಲ್ಲ. ಕಬ್ಬೂರರು ತಿದ್ದಲು ಹೋಗಲಿಲ್ಲ. ಜೀವಮಾನವಿಡೀ ತಾವು ಇತರರನ್ನು ನೋಡಿದ ನೋಟ ಅದು. ಅದರ ಎದುರಿಗೆ ಕೂತಾಗ ಹೇಗಿರುತ್ತದೆ ಎಂಬುದು ಈಗ ಗೊತ್ತಾಗುತ್ತಿತ್ತು.

"ನಂಬಬ್ಯಾಡ್ರಿ" ಎಂದರು. "ಇಲ್ಲೆ ಊರಾಗ ರಕ್ತ ತಪಾಸಣಿ ಮಾಡೂ ಲ್ಯಾಬ್ ಇರ್ತೈತಲ್ಲ? ಕಾಳು ಬ್ಯಾಡ, ಪೆಟ್ಟಿಗಿ ಬ್ಯಾಡ. ಇಬ್ರೂ ರಕ್ತ ಕೊಡೂಣು. ಚೀಟಿ ನೀವ ಇಸ್ಕೊಳ್ರಿ. ನಾ ಮುಟ್ಟಂಗಿಲ್ಲ."

ಗಿರಣಿಯ ಮೂಟೆ ಸಾಗಿಸುವ ತಮ್ಮನ ಆಟೋದಲ್ಲಿ ಹೋದರು. ಪುಟ್ಟಮಾದಯ್ಯ ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದರು. ಲ್ಯಾಬಿನಲ್ಲಿ ಇಬ್ಬರೂ ರಕ್ತ ಕೊಟ್ಟರು. ಕಬ್ಬೂರರು ಮತ್ತು ಸುಲೋಚನಾ ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಉಳಿದರು. ಮರುದಿನ ಮಧ್ಯಾಹ್ನ ಲ್ಯಾಬಿನ ಮೆಟ್ಟಿಲ ಮೇಲೆ ಪುಟ್ಟಮಾದಯ್ಯ ಎರಡು ಚೀಟಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರು. ತಮ್ಮದರಲ್ಲಿ ಹನ್ನೆರಡು ಪಾಯಿಂಟ್ ಒಂದು. ಇನ್ನೊಂದರಲ್ಲಿ ಸೊನ್ನೆ ಪಾಯಿಂಟ್ ಮೂರು.

ಇನ್ನೊಂದು ಚೀಟಿಯನ್ನು ಮಡಿಸಿ ಕಬ್ಬೂರರ ಜೇಬಿಗೆ ತಾವೇ ಇಟ್ಟರು. "ತಗಳಿ ಸಾರ್. ನಿಮ್ದು."

ಆಮೇಲೆ ಮೆಟ್ಟಿಲ ಮೇಲೇ ಕೂತುಬಿಟ್ಟರು. ಏಳಿಸಲು ತಮ್ಮ ಒಬ್ಬನಿಂದ ಆಗಲಿಲ್ಲ. ಕಬ್ಬೂರರು ಇನ್ನೊಂದು ರಟ್ಟೆಗೆ ಕೈ ಕೊಟ್ಟರು. ದನಿಯಷ್ಟೇ ಆಗಿದ್ದ ಮನುಷ್ಯನಿಗೆ ಇಷ್ಟು ಭಾರವಿತ್ತು.

*

ಮೈಸೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಸೊಂಟದ ಮೂಳೆಯಲ್ಲಿ ಎರಡು ಕಡೆ ಕಲೆ ಕಂಡಿತು. ಅಲ್ಲಿಗೆ ಹತ್ತು ದಿನ ರೇಡಿಯೇಷನ್ ಕಿರಣ ಕೊಡುವುದು, ತಗ್ಗಿಹೋಗಿದ್ದ ಔಷಧವನ್ನು ಪೂರ್ತಿ ಪ್ರಮಾಣಕ್ಕೆ ಏರಿಸುವುದು ಎಂದಾಯಿತು. ಇನ್ನು ಎರಡು ತಿಂಗಳು ತಡವಾಗಿದ್ದರೆ ಮೂಳೆ ಮುರಿದು ಹಾಸಿಗೆ ಹಿಡಿಯುತ್ತಿದ್ದರು, ಈಗ ಹಿಡಿದಿಡಬಹುದು ಎಂದು ವಯಸ್ಸಾದ ಡಾಕ್ಟರೊಬ್ಬರು ಹೇಳಿದರು. ಎಷ್ಟು ವರ್ಷ ಎಂದು ಪುಟ್ಟಮಾದಯ್ಯ ಕೇಳಿದರು. "ನಾನು ಜ್ಯೋತಿಷಿ ಅಲ್ಲಪ್ಪ. ಆದ್ರೆ ವರ್ಷಗಳ ಲೆಕ್ಕದಲ್ಲೇ ಮಾತಾಡೋಣ, ತಿಂಗಳ ಲೆಕ್ಕ ಬೇಡ" ಎಂದರು ಅವರು.

ಸುಲೋಚನಾ ಊರಿಗೆ ಹಿಂದಿರುಗಿದರು. ಕಬ್ಬೂರರು ಉಳಿದರು. ಗಿರಣಿ ಬಿಟ್ಟು ತಮ್ಮ ದಿನಾಲೂ ಬರುವಂತಿರಲಿಲ್ಲ. ಆಸ್ಪತ್ರೆಯ ಹತ್ತಿರದ ಛತ್ರದಲ್ಲಿ ಒಂದು ಕೋಣೆ ಹಿಡಿದು ಇಬ್ಬರೂ ಹತ್ತು ದಿನ ಇದ್ದರು. ಬೆಳಿಗ್ಗೆ ನಿಧಾನಕ್ಕೆ ನಡೆದು ಆಸ್ಪತ್ರೆಗೆ ಹೋಗುವುದು, ಇಡ್ಲಿ ತಿಂದು ಬರುವುದು, ಮಧ್ಯಾಹ್ನ ಒಬ್ಬರ ಗೊರಕೆಯನ್ನು ಇನ್ನೊಬ್ಬರು ದೂರುವುದು. ಮೊದಮೊದಲು ಪುಟ್ಟಮಾದಯ್ಯ ಹೆಚ್ಚು ಮಾತಾಡಲಿಲ್ಲ. ಒಂದು ದಿನ ಅವರು ಒದ್ದೆಯಾದ ಪಂಚೆಯನ್ನು ಮುಚ್ಚಿಡಲು ಹೋದಾಗ ಕಬ್ಬೂರರು ತಮ್ಮ ಚೀಲದಿಂದ ಒಂದು ಲುಂಗಿ ತೆಗೆದು ಎಸೆದರು. "ದೊಡ್ಡ ದೊಡ್ಡ ಚೌಕಳಿ! ಇದನ್ನ ಉಟ್ಕೊಂಡ್ ಹೋದ್ರೆ ಕಾಯ್ಲೆಗೇ ನಾಚ್ಕೆ ಆಯ್ತದೆ ಸಾರ್" ಎಂದು ಮೇಷ್ಟ್ರು ನಕ್ಕ ಮೇಲೆ ಮಾತು ಮತ್ತೆ ಹರಿಯಿತು.

ಕಬ್ಬೂರರ ಮೈಯ ಬಿಸಿ ಇಳಿದಿತ್ತು. ಪುಟ್ಟಮಾದಯ್ಯನವರಿಗೆ ಅದು ಶುರುವಾಗಿತ್ತು. ಬೆವರು ಒರೆಸಿಕೊಳ್ಳುತ್ತ, "ಇದನ್ನ ನಾಕ್ ತಿಂಗ್ಳು ನೀವು ಹೊತ್ಕೊಂಡಿದ್ರಾ?" ಎಂದು ಕೇಳುತ್ತಿದ್ದರು. ಕಬ್ಬೂರರು ಯಾವಾಗ ಎದೆ ನೋಯುತ್ತದೆ, ಯಾವಾಗ ಸುಮ್ಮಸುಮ್ಮನೆ ಅಳು ಬರುತ್ತದೆ, ಬಂದಾಗ ಏನು ಮಾಡಬೇಕು ಎಂದು ಮೊದಲೇ ಹೇಳಿಕೊಡುತ್ತಿದ್ದರು. "ತಡಕೋಬ್ಯಾಡ್ರಿ. ಬಚ್ಚಲಕ್ಕ ಹೋಗೂದೂ ಬ್ಯಾಡ. ಇಲ್ಲೇ ಅಳ್ರಿ, ನಾ ಪೇಪರ್ ಓದ್ತಿರ್ತೇನಿ."

ಹತ್ತನೇ ದಿನ ಕೊನೆಯ ಕಿರಣ ಮುಗಿಯಿತು. ಪುಟ್ಟಮಾದಯ್ಯ ಹೊರಗೆ ಬರುವಾಗ ಗೋಡೆ ಹಿಡಿಯಲಿಲ್ಲ. ತಮ್ಮನ ಆಟೋ ಬರುವುದನ್ನು ಕಾಯುತ್ತ ಇಬ್ಬರೂ ಆಸ್ಪತ್ರೆಯ ಎದುರಿನ ನೇರಳೆ ಮರದ ಕೆಳಗೆ ಕೂತರು. ಕೇಂದ್ರದಿಂದ ಇಬ್ಬರಿಗೂ ಸಂದೇಶ ಬಂದಿತ್ತು: ಜೋಡಿ ಮುಂದುವರಿಸುವಿರೋ, ಹೊಸ ಜೊತೆಗಾರ ಬೇಕೋ?

ಪುಟ್ಟಮಾದಯ್ಯ ಫೋನು ಮಡಿಲಲ್ಲಿಟ್ಟುಕೊಂಡು ಉತ್ತರ ಒತ್ತದೆ ಕೂತಿದ್ದರು. "ಸಾರ್, ಒಂದ್ ಕೇಳ್ತೀನಿ. ನಿಜ ಹೇಳ್ಬೇಕು."

"ಕೇಳ್ರಿ."

"ತಿರುಗಾಮುರುಗಾ ಆಗಿದ್ರೆ? ಆ ಸೊನ್ನೆ ನಿಮ್ ಹೆಸರಲ್ಲಿ ಬರ್ತಿತ್ತು, ಸೊಂಟನೋವೂ ನಿಮ್ಗೇ, ನಾನ್ ನೆಟ್ಟಗಿದ್ದೆ ಅನ್ನಿ. ಅದು ನಿಮ್ದಲ್ಲ, ನಂದು ಅಂತ ನಿಮ್ಗೆ ಸಂಶಯ ಬಂದಿದ್ರೆ... ಸೈಕಲ್ ತುಳೀತಿದ್ರಾ?"

ರಸ್ತೆಯಲ್ಲಿ ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು.

"ಗೊತ್ತಿಲ್ರಿ ಮೇಷ್ಟ್ರ" ಎಂದರು ಕೊನೆಗೆ. "ತುಳೀತಿದ್ದಿಲ್ಲ ಅನಸ್ತೈತಿ. ಸೊನ್ನೆ ಅಂತ ಕೇಳಿ ಸುಮ್ನ ಖುಷಿಪಟ್ಟು ಕುಂತಿರ್ತಿದ್ದೆ."

ಪುಟ್ಟಮಾದಯ್ಯ ಮಡಿಲಿನ ಫೋನು ಕೈಗೆತ್ತಿಕೊಂಡರು. 'ಮುಂದುವರಿಸುವೆ' ಎಂಬುದನ್ನು ಒತ್ತಿದರು.

"ತುಳೀತಿದ್ದೆ ಅಂತ ಸುಳ್ಳು ಹೇಳಿದ್ರೆ ಇನ್ನೊಂದ್ ಒತ್ತೋನೇ ಇದ್ದೆ ಸಾರ್" ಎಂದು, ಯಾರ ಕೈಯನ್ನೂ ಹಿಡಿಯದೆ, ಎದ್ದು ನಿಂತರು.